ಏಳೆಕರೆ ಕಣ್ಣೀರು

ಹುಮನಾಬಾದದಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟಿದ್ದ ಮಹಾರುದ್ರಪ್ಪನಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಕೊರತೆ. ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಉಂಡದ್ದು ಅರಗುತ್ತಿತ್ತು, ಮಲಗಿದರೆ ನಿದ್ದೆ ಹತ್ತುತ್ತಿತ್ತು. ಮಗಳು ಮನೀಷಾ ಕೊಟ್ಟ ಮನೆಯಲ್ಲಿ ಸುಖವಾಗಿದ್ದಳು. ಹೆಂಡತಿ ತುಳಜಾಬಾಯಿ ಎಷ್ಟೇ ಬೈದರೂ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಯುತ್ತಿದ್ದಳು. ಐವತ್ತೆರಡು ವರ್ಷ ಹೀಗೆ ನಗುನಗುತ್ತ ಕಳೆದ ಮನುಷ್ಯನಿಗೆ ನಾಟಕದಲ್ಲಿ ಅಳುವ ಪಾತ್ರ ಸಿಕ್ಕಿತು ನೋಡಿ, ಅಲ್ಲಿಗೆ ಅವನ ನೆಮ್ಮದಿ ಮಣ್ಣುಪಾಲಾಯಿತು.

ಪಾತ್ರ ಕೊಟ್ಟವನು ಬಸವಕಲ್ಯಾಣದ ಕಪಿಲ. ಹೊರಗಿನ ಊರಿನಲ್ಲಿ ನಾಟಕದ ಶಾಲೆ ಓದಿ ಬಂದ ಹುಡುಗ. ಅಕ್ಕನ ಮದುವೆಗೆ ಪಾತ್ರೆ ಕೊಳ್ಳಲು ಬಂದಾಗ ಮಹಾರುದ್ರಪ್ಪ ಒಂದು ಹಂಡೆಯನ್ನು ಹೊಗಳಿದ ವೈಖರಿ ಕಂಡು, "ಕಾಕಾ, ನಿಮ್ಮೊಳಗ ಒಬ್ಬ ಕಲಾವಿದ ಇದ್ದಾನ್ರಿ" ಅಂದುಬಿಟ್ಟ. ಹುಡುಗ ಮಾತಿಗೆ ಅಂದದ್ದು. ಮಹಾರುದ್ರಪ್ಪ ಅದನ್ನು ಸ್ಟೀಲಿನ ಮೇಲೆಯೇ ಬರೆದ. ಪಾತ್ರೆಗೆ ಹೆಸರು ಕೊರೆಯುವ ಕರೆಂಟಿನ ಪೆನ್ನು ಹೇಗೂ ಕೈಯಲ್ಲೇ ಇತ್ತಲ್ಲ, ಅದನ್ನು ಟರ್ರ್ ಅನ್ನಿಸಿ ತನ್ನ ನೀರಿನ ಬಾಟಲಿಯ ಮೇಲೆ "ಕಲಾವಿದ ಮಹಾರುದ್ರಪ್ಪ, ಹುಮನಾಬಾದ" ಎಂದು ಕೊರೆದು, ಕೊನೆಯ ಅಕ್ಷರಕ್ಕೆ ಬಾಟಲಿಯನ್ನು ಒಂದು ಸುತ್ತು ಸುತ್ತಿ ಬರುವಷ್ಟು ಉದ್ದ ಬಾಲ ಎಳೆದ. ಮುಂದೆ ಜನ ಸಹಿ ಕೇಳಿಕೊಂಡು ಬಂದಾಗ ಕೈ ನಡುಗಬಾರದೆಂದು ಮಾರಾಟದ ಮುಚ್ಚಳಗಳ ಮೇಲೂ ಅಭ್ಯಾಸ ಮಾಡಿದ. ಒಬ್ಬ ಗಿರಾಕಿ ಮುಚ್ಚಳ ತಿರುಗಿ ತಂದು, "ಯಾವನೋ ಕಲಾವಿದಂದು ಹಳೇ ಮಾಲು ನನಗ ಗಂಟ ಹಾಕೀರಿ" ಎಂದು ಜಗಳಾಡಿ ಹೋದ.

ನಾಟಕ ಸರಳವಾದದ್ದು. ದೇಶಾಂತರ ಹೋದ ತಮ್ಮ ಇಪ್ಪತ್ತು ವರ್ಷದ ಮೇಲೆ ಮನೆಗೆ ಬರುತ್ತಾನೆ. ಹೊಸ್ತಿಲ ಹತ್ತಿರ ಅಣ್ಣನ ಚಪ್ಪಲಿ ಇದೆ, ಗೋಡೆಯ ಮೇಲೆ ಅಣ್ಣನ ಫೋಟೋಕ್ಕೆ ಹಾರ ಇದೆ. ತಮ್ಮ "ಅಣ್ಣಾ, ನಾ ಬಂದೀನಿ" ಎಂದು ಒಂದೇ ಮಾತು ಆಡಿ ಅಳಬೇಕು. ತಮ್ಮನ ಪಾತ್ರ ಮಹಾರುದ್ರಪ್ಪನದು. ಮೊದಲ ತಾಲೀಮಿಗೆ ಅವನು ಬೆರಳಿಗೆ ಉಳ್ಳಾಗಡ್ಡಿ ರಸ ಹಚ್ಚಿಕೊಂಡು ಹೋಗಿದ್ದ. ಕಪಿಲ ಹತ್ತಿರ ಬಂದು ಬೆರಳು ಮೂಸಿ ನೋಡಿದ.

"ಕಾಕಾ, ಅಳೋದು ಮಾಡಬ್ಯಾಡ್ರಿ. ಅಳು ತಾನ ಬರಬೇಕು. ಸುಳ್ಳು ಕಣ್ಣೀರು ಹಿಂದಿನ ಸಾಲಿನಾಂವಗೂ ತಿಳೀತದ. ನಿಮ್ಮೊಳಗ ಒಂದು ಖರೇ ದುಃಖ ಇರ್ತದ, ಅದನ್ನ ಹುಡುಕ್ಯಾಡಿ ತರ್ರಿ."

"ಎಲ್ಲಿರ್ತದಪಾ ಅದು?"

"ಒಳಗ್ರಿ. ನಿಮ್ಮವ್ವ ತೀರಿದ್ದು ನೆನಸ್ರಿ."

ಮಹಾರುದ್ರಪ್ಪ ಕಣ್ಣು ಮುಚ್ಚಿ ನೆನೆಸಿದ. ಅವನು ಎರಡು ವರ್ಷದವನಿದ್ದಾಗಲೇ ಅಪ್ಪ ಹೋಗಿದ್ದ. ಅವ್ವ ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತು ಊರೂರು ತಿರುಗಿ, ಹಳೇ ಬಟ್ಟೆಗೆ ಹೊಸ ಪಾತ್ರೆ ಕೊಟ್ಟು ಮಗನನ್ನು ಸಾಕಿದಳು, ಅಂಗಡಿ ಮಾಡಿದಳು. ಎಂಬತ್ತೊಂದು ವರ್ಷ ಬಾಳಿ, ಒಂದು ಮಧ್ಯಾಹ್ನ ಉಂಡು, ಎಲೆ ಅಡಿಕೆ ಹಾಕಿಕೊಂಡು, ಮಗನಿಗೆ ಎರಡು ಬೈದು ಮಲಗಿದವಳು ಏಳಲಿಲ್ಲ. ಊರೆಲ್ಲ ಪುಣ್ಯವಂತಿ ಅಂದಿತು. ಅದನ್ನು ನೆನೆದರೆ ಮಹಾರುದ್ರಪ್ಪನಿಗೆ ಎದೆ ಉಬ್ಬುತ್ತಿತ್ತೇ ಹೊರತು ಕಣ್ಣು ಒದ್ದೆಯಾಗುತ್ತಿರಲಿಲ್ಲ. ಅವನು ಕಣ್ಣು ತೆರೆದಾಗ ಮುಖದ ಮೇಲೆ ನಗು ಇತ್ತು.

"ಎಂಟು ದಿನ ನೋಡ್ತೀನಿ ಕಾಕಾ. ಆಗಲಿಲ್ಲಂದ್ರ ಪಾತ್ರ ಬಸವಕಿರಣ ಮಾಸ್ತರಗೆ ಕೊಡಬೇಕಾಗ್ತದ" ಅಂದ ಕಪಿಲ. ಬಸವಕಿರಣ ಮಾಸ್ತರ ಹೈಸ್ಕೂಲಿನವನು. ಶಾಲೆಯ ಬೀಳ್ಕೊಡುಗೆ ಯಾರದೇ ಇರಲಿ, ಅಳುವುದು ಅವನೇ. ಅಷ್ಟು ಹೊತ್ತಿಗಾಗಲೇ ಮೂಲೆಯಲ್ಲಿ ಕೂತು ಕಣ್ಣು ತುಂಬಿಕೊಂಡಿದ್ದ.

ಅಂದಿನಿಂದ ಮಹಾರುದ್ರಪ್ಪ ದುಃಖ ಹುಡುಕಲು ಹೊರಟ. ಮನೆಯಲ್ಲಿ ಹೆಂಡತಿಯ ಮುಂದೆ ಕೂತು, "ನನಗೇನರ ದುಃಖ ಅದ ಏನ?" ಎಂದು ಕೇಳಿದ.

"ನನ್ನ ಕೇಳ್ರಿ. ಬೇಕಾದಷ್ಟದ, ಅರ್ಧ ಕೊಡ್ತೀನಿ" ಅಂದಳು ತುಳಜಾಬಾಯಿ.

ಆಕೆ ತವರಿನ ಮಾತು ಬಂದು ಕಣ್ಣೀರು ಹಾಕಿದರೆ ಮಹಾರುದ್ರಪ್ಪ ಸಮಾಧಾನ ಮಾಡುವುದು ಬಿಟ್ಟು, ಮುಖಕ್ಕೆ ಮುಖ ತಂದು, ತುಟಿ ಮೊದಲು ಅದುರುತ್ತದೋ ಗಲ್ಲ ಮೊದಲೋ ಎಂದು ನೋಡುತ್ತಿದ್ದ. "ತಡಿ ತಡಿ, ಒರಸಬ್ಯಾಡ, ಇನ್ನೊಮ್ಮೆ ಅಳು" ಅಂದಾಗ ಆಕೆ ಲಟ್ಟಣಿಗೆ ತೆಗೆದುಕೊಂಡಳು. ಪಕ್ಕದ ಅಂಗಡಿಯ ಸಲ್ಮಾನ್, "ಭಾಯ್, ನಿಮಗ ದುಃಖ ಯಾಕ ಬೇಕಾಗ್ಯಾದ? ಆದಾಯ ತೆರಿಗಿ ಕಾಗದ ಬಂದದೇನು?" ಎಂದು ವಿಚಾರಿಸಿದ. ಸೋದರಳಿಯರು ಫೋನ್ ಮಾಡಿ, ಡಾಕ್ಟರ್ ಏನಂದ್ರು, ರಿಪೋರ್ಟ್ ಬಂತೇನು ಅಂದರು. ಇಷ್ಟು ಜನ ಮರುಕಪಟ್ಟದ್ದು ಕಂಡು ಮಹಾರುದ್ರಪ್ಪನಿಗೆ ಇನ್ನೂ ಸಂತೋಷವಾಯಿತು. ಏಳು ದಿನ ಹೀಗೇ ಹೋದವು.

ಎಂಟನೆಯ ದಿನ ಬೆಳಗ್ಗೆ ಓಣಿಯ ಸುಮನಬಾಯಿ ಅಂಗಡಿಯ ಮುಂದೆ ಗಡಿಬಿಡಿಯಿಂದ ಹೊರಟಿದ್ದಳು. ಸತ್ತ ಮನೆಯಲ್ಲಿ ಹಾಡ್ಯಾಡಿ ಅಳುವುದರಲ್ಲಿ ಆಕೆಯನ್ನು ಸರಿಗಟ್ಟುವವರು ತಾಲೂಕಿನಲ್ಲಿ ಇರಲಿಲ್ಲ. ಸತ್ತವನ ಎತ್ತು, ಹೊಲ, ಜಗಲಿ, ಅವನು ಕೊಟ್ಟ ಒಂದು ತುತ್ತು ರೊಟ್ಟಿ ಎಲ್ಲ ಹಾಡಿನಲ್ಲಿ ಬರುತ್ತಿದ್ದವು.

"ಎಲ್ಲಿಗೆ ಸುಮನಕ್ಕ?"

"ನಾರಾಯಣಪುರಕ್ರಿ ಸಾವಕಾರ್ರ. ಝರೆಪ್ಪ ಮುತ್ತ್ಯಾ ಹೋಗ್ಯಾನ. ಸಣ್ಣಾಕಿದ್ದಾಗಿಂದ ಅವನ ಹೊಲದಾಗ ದುಡದೀನಿ, ಅಳಬೇಕಲ್ರಿ."

"ಹ್ಯಾಂಗ ಬರ್ತದಕ್ಕ ನಿನಗ ಅಳು?"

"ಅದೇನ್ ಕೇಳ್ತೀರಿ? ಸತ್ತಾವರ ಮುಖ ನೋಡಬೇಕು, ಬರ್ತದ."

ಇಷ್ಟು ಸುಲಭದ ಮಾತು ಕಪಿಲನ ಶಾಲೆಯಲ್ಲಿ ಯಾಕೆ ಹೇಳಿಕೊಡಲಿಲ್ಲ ಎಂದು ಮಹಾರುದ್ರಪ್ಪನಿಗೆ ಆಶ್ಚರ್ಯವಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನೀರಿನ ಬಾಟಲಿ ಹಿಡಿದು ಸುಮನಬಾಯಿಯ ಹಿಂದೆ ಬಸ್ಸು ಹತ್ತಿದ.

ನಾರಾಯಣಪುರದ ಮನೆಯಲ್ಲಿ ಝರೆಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳು ತುಂಬ ಹಾರ. ಯಾವುದೋ ಸಭೆಯ ಅಧ್ಯಕ್ಷತೆ ವಹಿಸಿದವನ ಹಾಗೆ ಮುದುಕ ಗಂಭೀರವಾಗಿದ್ದ. ಭಜನೆ ನಡೆದಿತ್ತು. ಸುಮನಬಾಯಿ ಅಂಗಳದಲ್ಲಿ ಹೆಂಗಸರ ನಡುವೆ ಕೂತು ಶುರು ಮಾಡಿದಳು. ಮಹಾರುದ್ರಪ್ಪ ಹಿಂದೆ ನಿಂತು ನೋಡಿ ಕಲಿಯಬೇಕು ಅಂದುಕೊಂಡಿದ್ದ. ಆದರೆ ಇಸ್ತ್ರಿ ಅಂಗಿಯವನು ಹಿಂದೆ ನಿಲ್ಲಲು ಯಾವ ಊರು ಬಿಡುತ್ತದೆ? "ಬೀಗರ ಕಡಿಯಾವ್ರೇನ್ರಿ? ಒಳಗ ನಡೀರಿ, ಮುಂದ ಕೂಡ್ರಿ" ಎಂದು ನಾಲ್ಕು ಜನ ಕೈಹಿಡಿದು ಒಯ್ದು ಝರೆಪ್ಪನ ಮಗ್ಗುಲಿಗೇ ಕೂರಿಸಿದರು.

ಅವನ ಹಿಂದೆಯೇ ಝರೆಪ್ಪನ ಮೂವರು ಗಂಡುಮಕ್ಕಳು ಕೂತಿದ್ದರು. ಹಿರಿಯವನು ಘಾಳೆಪ್ಪ. ಮೂವರ ಕಣ್ಣೂ ಒಣಗಿದ್ದವು, ಬಾಯಿ ಮಾತ್ರ ನಡೆದಿತ್ತು.

"ಬೋರ್ ಇದ್ದ ಏಳೆಕರೆ ನನಗ ಬರಬೇಕು" ಅಂದ ಒಬ್ಬ.

"ಸಣ್ಣಗ ಮಾತಾಡೋ. ಅಪ್ಪ ಇಲ್ಲೇ ಕುಂತಾನ."

"ಕುಂತ್ರೇನಾತು? ಇದ್ದಾಗ ಕೇಳಸ್ತಿದ್ದಿಲ್ಲ, ಈಗ ಕೇಳಸ್ತದೇನು?"

ಮಹಾರುದ್ರಪ್ಪ ಮುದುಕನ ಕಡೆ ತಿರುಗಿದ. ಕಿವಿಯಲ್ಲಿ ಕೇಳುವ ಮಶೀನು ಹಾಗೇ ಇತ್ತು. ಮೀಯಿಸಿದ ಮೇಲೆ ಮನೆಯವರು ಯಾರೋ ರೂಢಿಯ ಮೇಲೆ ತಿರುಗಿ ಹಚ್ಚಿಬಿಟ್ಟಿದ್ದರು. ಅದರ ವೈರು ಕಿಸೆಗೆ ಇಳಿದಿತ್ತು, ಹಾರದ ಸಂದಿನಲ್ಲಿ ಸಣ್ಣ ಕೆಂಪು ದೀಪ ಉರಿಯುತ್ತಿತ್ತು. ಮಶೀನು ಚಾಲೂ ಇತ್ತು.

ಅಯ್ಯೋ, ಮುದುಕ ಎಲ್ಲ ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಅನಿಸಿತು ಅವನಿಗೆ. ಅಷ್ಟೇ. ಎಲ್ಲಿತ್ತೋ ಆ ದುಃಖ, ಹೊಟ್ಟೆಯಿಂದ ಎದ್ದು ಬಂತು. ಮಹಾರುದ್ರಪ್ಪ ಝರೆಪ್ಪನ ತೊಡೆಯ ಮೇಲೆ ತಲೆ ಇಟ್ಟು, ಹಸುಗೂಸಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಭಜನೆ ನಿಂತಿತು. ಸುಮನಬಾಯಿಯೂ ಹಾಡು ನಿಲ್ಲಿಸಿ ಅಂಗಳದಿಂದ ಇಣುಕಿ ನೋಡಿದಳು. ಆ ಸೀಮೆಯಲ್ಲಿ ಸತ್ತವರ ತೊಡೆಯ ಮೇಲೆ ತಲೆ ಇಡುವವರು ಹೊಟ್ಟೆಯಲ್ಲಿ ಹುಟ್ಟಿದವರು ಮಾತ್ರ. ಇಡೀ ಪಡಸಾಲೆ ಲೆಕ್ಕ ಹಾಕತೊಡಗಿತು.

ಝರೆಪ್ಪನ ಮುದಿ ತಂಗಿ ಕೋಲೂರಿ ಬಂದು, ಅವನ ಗದ್ದ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಮೂಗು ನೋಡ್ರೇ, ಥೇಟ್ ನಮ್ಮಣ್ಣಂದು" ಎಂದು ತೀರ್ಪು ಕೊಟ್ಟಳು. "ಯಾರ ಮಗ ಯಪ್ಪಾ ನೀನು?"

ಮಹಾರುದ್ರಪ್ಪನ ಬಿಕ್ಕು ಇನ್ನೂ ನಿಂತಿರಲಿಲ್ಲ. ಕೈಮುಗಿದು ಎದ್ದವನು ಹಿಂದೆ ನೋಡದೆ ಬಸ್ ಸ್ಟ್ಯಾಂಡಿಗೆ ಓಡಿದ. ಸಂಜೆಯ ತಾಲೀಮಿನಲ್ಲಿ ಆ ಕೆಂಪು ದೀಪ ನೆನೆದು ಎಷ್ಟು ಅತ್ತನೆಂದರೆ ಕಪಿಲ ಅವನನ್ನು ಅಪ್ಪಿಕೊಂಡ. ಬಸವಕಿರಣ ಮಾಸ್ತರ ಹೊಟ್ಟೆಕಿಚ್ಚಿನಿಂದ ಅತ್ತ. ಬಾಟಲಿ ನಾರಾಯಣಪುರದಲ್ಲೇ ಉಳಿದದ್ದು ಮಹಾರುದ್ರಪ್ಪನ ಲಕ್ಷ್ಯಕ್ಕೆ ಬರಲಿಲ್ಲ.

ಐದನೆಯ ದಿನ ಆ ಬಾಟಲಿ ಹಿಡಿದುಕೊಂಡು ಘಾಳೆಪ್ಪ ಅಂಗಡಿಗೆ ಬಂದ. ಸಂಗಡ ಕರೀ ಕೋಟಿನ ವಜೀರ್ ವಕೀಲ. ಬಾಟಲಿಯ ಮೇಲಿನ ಹೆಸರು ಓದಿ ಇಡೀ ಹುಮನಾಬಾದದಲ್ಲಿ ವಿಚಾರಿಸಿ ಬಂದಿದ್ದರು. ತುಳಜಾಬಾಯಿ ಚಹಾ ತಂದಿಟ್ಟಳು.

ವಕೀಲ ಚಹಾ ಹೀರಿ ಕೇಳಿದ: "ಮಹಾರುದ್ರಪ್ಪಸಾಬ್, ನಿಮ್ಮ ತಾಯಿಯವರು ಎಂದರ ನಾರಾಯಣಪುರಕ್ಕ ಬರ್ತಿದ್ರೇನು?"

"ಬರ್ತಿದ್ದಳಲ್ರಿ! ಪಾತ್ರಿ ಬುಟ್ಟಿ ಹೊತ್ತು ಎಲ್ಲಾ ಊರು ತಿರಗ್ಯಾಳ."

ಘಾಳೆಪ್ಪ ವಕೀಲನ ಮುಖ ನೋಡಿದ, ವಕೀಲ ಘಾಳೆಪ್ಪನ ಮುಖ ನೋಡಿದ. "ಅಪ್ಪ ಪ್ರತಿ ಗುರುವಾರ ತಪ್ಪದ ನಿಮ್ಮೂರ ಮಗ್ಗುಲ ಮಾಣಿಕನಗರಕ್ಕ ಹೋಗ್ತಿದ್ದ" ಅಂದ ಘಾಳೆಪ್ಪ ನಿಟ್ಟುಸಿರು ಬಿಟ್ಟು. "ನಾವು ದೇವರಿಗೆ ಅಂತ ತಿಳಕೊಂಡಿದ್ವಿ."

ವಕೀಲ ಒಂದು ಬಾಂಡ್ ಪೇಪರ್ ಬಿಚ್ಚಿ ಓದಿದ. ಝರೆಪ್ಪನ ಮಗನಾದ ಮಹಾರುದ್ರಪ್ಪ ಎಂಬ ನಾನು ಆಸ್ತಿಯಲ್ಲಿನ ನನ್ನ ಹಕ್ಕನ್ನು ಸ್ವಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಅದರಲ್ಲಿತ್ತು. ಮಹಾರುದ್ರಪ್ಪನ ಐವತ್ತೆರಡು ವರ್ಷದ ನಗು ಅಲ್ಲಿಗೆ ನಿಂತಿತು.

"ಝರೆಪ್ಪನ ಮಗ? ನಾನು? ಏನ್ ಮಾತಾಡಾಕತ್ತೀರಿ! ನಮ್ಮವ್ವಗ ಅಂತೀರೇನು ಇದನ್ನ?"

ತುಳಜಾಬಾಯಿ ಸೆರಗು ಸಿಕ್ಕಿಸಿದಳು. ಇಪ್ಪತ್ತೈದು ವರ್ಷ ಅತ್ತೆಯ ಸಂಗಡ ಒಂದು ದಿನವೂ ಬಿಡದೆ ಜಗಳಾಡಿದಾಕೆ. "ನಮ್ಮತ್ತಿ ಕಟುಕಿ ಇದ್ಲು, ನನ್ನ ಜೀವಾ ತಿಂದ್ಲು. ಆದ್ರ ಆಕಿ ಹೆಸರಿಗೆ ಯಾರರ ಬೆರಳ ಮಾಡಿದ್ರ ನಾ ಸುಮ್ನಿರಾಕಿ ಅಲ್ಲ! ಇದೆಲ್ಲಾ ಯಾತರ ಸಲುವಾಗಿ?"

"ಏಳೆಕರೆ ಹೊಲ, ಬಾಯಿ" ಅಂದ ವಕೀಲ.

ತುಳಜಾಬಾಯಿ ಸಿಕ್ಕಿಸಿದ ಸೆರಗು ಸಡಿಲಿಸಿದಳು. "ನೀರದ ಏನು?"

"ಏ ತುಳಜಾ!" ಎಂದು ಮಹಾರುದ್ರಪ್ಪ ಗದರಿದ. ಆಮೇಲೆ ಬೆವರು ಒರೆಸಿಕೊಂಡು ನಿಜ ಹೇಳಿದ. ತಾನು ನಾಟಕದವನೆಂದೂ, ಅಳು ಕಲಿಯಲು ಬಂದಿದ್ದೆನೆಂದೂ ಹೇಳಿದ.

ಘಾಳೆಪ್ಪನ ಮುಖ ಕೆಂಪಾಯಿತು. "ಅಂದ್ರ ನಮ್ಮಪ್ಪನ ಹೆಣದ ಮುಂದ ನಾಟಕ ಮಾಡಿದಿ? ಕಾಲು ಮುರೀತೀನಿ."

"ಇಲ್ರಿ, ಇಲ್ರಿ! ಕಣ್ಣೀರು ಖರೇವ!"

"ಖರೇ ಇದ್ರ ನೀ ಮಗ."

"ಕಣ್ಣೀರು ಖರೆ, ಸಂಬಂಧ ಖರೆ ಅಲ್ರಿ!"

ವಕೀಲ ಕನ್ನಡಕ ತೆಗೆದು ಒರೆಸಿದ. "ಕಾಯ್ದೇದಾಗ ಹಂಗಿಲ್ಲ ಸಾಬ್. ಕಣ್ಣೀರು ಖರೆ ಅಂದ್ರ ವಾರಸದಾರ, ಸುಳ್ಳು ಅಂದ್ರ ಆರೋಪಿ. ನಡುವಿಂದು ಕಲಮು ನಾ ಇನ್ನತನಕ ಓದಿಲ್ಲ."

ಸಹಿ ಮಾಡಿದರೆ ಅವ್ವನ ಹೆಸರು ಹೋಗುತ್ತದೆ. ಮಾಡದಿದ್ದರೆ ಹೊಲ ಬೇಕಂತೆ ಎಂದು ಊರು ಅನ್ನುತ್ತದೆ. ಎರಡು ದಿನದಲ್ಲಿ ಅಂದೇ ಬಿಟ್ಟಿತು. ಸಲ್ಮಾನ್ ಬಂದು, "ಭಾಯ್, ಹೊಲದಾಗ ಕಲ್ಲಂಗಡಿ ಹಾಕ್ರಿ" ಎಂದು ಸಲಹೆ ಕೊಟ್ಟ. ವಯಸ್ಸಾದ ಗಿರಾಕಿಗಳು ಪಾತ್ರೆ ನೋಡುವ ನೆಪದಲ್ಲಿ ಅವನ ಮೂಗು ನೋಡಿ ಹೋದರು. ಯಾವ ಓಣಿಯಲ್ಲಿ ಅವ್ವ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳೋ ಅದೇ ಓಣಿಯಲ್ಲಿ ಆಕೆಯ ಹೆಸರು ಎತ್ತಿ ನಗುತ್ತಿದ್ದರು. ಅದೊಂದು ಮಹಾರುದ್ರಪ್ಪನಿಗೆ ಸಹಿಸಲಾಗಲಿಲ್ಲ. ಅವನೇ ನಾರಾಯಣಪುರಕ್ಕೆ ಫೋನ್ ಮಾಡಿದ.

"ಘಾಳೆಪ್ಪಾ, ಬರೂ ಐತವಾರ ಸಂಜಿ ಐದಕ್ಕ ಬಸವಕಲ್ಯಾಣದಾಗ ನಾಟಕ ಅದ. ನನಗ ಅಣ್ಣ ಇಲ್ಲ, ಊರಿಗೇ ಗೊತ್ತದ. ಇಲ್ಲದ ಅಣ್ಣನ ಸಲುವಾಗಿ ಖರೇ ಕಣ್ಣೀರು ಬಂದ್ರ, ನಿಮ್ಮಪ್ಪಗೂ ಹಂಗ ಬಂತು ಅಂತ ನಂಬ್ರಿ. ಬರಲಿಲ್ಲಂದ್ರ ನೀವು ಹೇಳಿದಲ್ಲಿ ಸಹಿ ಮಾಡ್ತೀನಿ."

ಹೇಳುವುದು ಹೇಳಿಬಿಟ್ಟ. ಆದರೆ ಆ ದಿನದಿಂದ ಕಣ್ಣೀರು ಬತ್ತಿಹೋಯಿತು. ಕೆಂಪು ದೀಪ ನೆನೆದರೆ ಅದರ ಹಿಂದೆಯೇ ವಕೀಲ ಬರುತ್ತಿದ್ದ, ವಕೀಲನ ಹಿಂದೆ ಏಳೆಕರೆ, ಬೋರು, ಕಲ್ಲಂಗಡಿ. ಕಪಿಲ ತಲೆ ಚಚ್ಚಿಕೊಂಡ. "ಕಾಕಾ, ಈಗ ನಿಮಗ ಖರೇ ದುಃಖ ಅದಲ್ರಿ!" "ಇದು ದುಃಖ ಅಲ್ಲಪಾ, ಕಾಳಜಿ. ಕಾಳಜಿಗೆ ಕಣ್ಣೀರು ಬರೂದಿಲ್ಲ, ಬೆವರು ಬರ್ತದ" ಅಂದ ಮಹಾರುದ್ರಪ್ಪ. ಐತವಾರ ಬಸವಕಿರಣ ಮಾಸ್ತರ ಅದೇ ವೇಷ ಹಾಕಿಕೊಂಡು, ಎರಡು ಕರವಸ್ತ್ರ ಹಿಡಿದು, ಪರದೆಯ ಪಕ್ಕ ತಯಾರಾಗಿ ನಿಂತಿದ್ದ.

ರಂಗಮಂದಿರ ತುಂಬಿತ್ತು. ಮುಂದಿನ ಸಾಲಿನಲ್ಲಿ ಘಾಳೆಪ್ಪ, ಅವನ ತಮ್ಮಂದಿರು, ತೊಡೆಯ ಮೇಲೆ ಬಾಂಡ್ ಪೇಪರ್ ಇಟ್ಟುಕೊಂಡ ವಜೀರ್ ವಕೀಲ. ಹಿಂದೆ ತುಳಜಾಬಾಯಿ, ಸುಮನಬಾಯಿ. ಪರದೆ ಸರಿದು, ತಮ್ಮನ ವೇಷದ ಮಹಾರುದ್ರಪ್ಪ ಮನೆಗೆ ಬಂದ. ಚಪ್ಪಲಿ ನೋಡಿದ. ಹಾರ ಹಾಕಿದ ಫೋಟೋ ನೋಡಿದ.

"ಅಣ್ಣಾ, ನಾ ಬಂದೀನಿ."

ಕಣ್ಣಲ್ಲಿ ಒಂದು ಹನಿ ಇಲ್ಲ. ಒಂದು ನಿಮಿಷ ಹೋಯಿತು. ಯಾರೋ ಕೆಮ್ಮಿದರು. ವಕೀಲ ಪೆನ್ನಿನ ಮುಚ್ಚಳ ತೆಗೆದ ಸದ್ದು ವೇದಿಕೆಯವರೆಗೆ ಕೇಳಿಸಿತು. ಪಕ್ಕದಲ್ಲಿ ಬಸವಕಿರಣ ಮಾಸ್ತರ ಒಂದು ಕಾಲು ಒಳಗಿಟ್ಟ. ಮಹಾರುದ್ರಪ್ಪನಿಗೆ ಎಲ್ಲ ಮರೆತುಹೋಯಿತು. ಕಪಿಲ ಹೇಳಿದ್ದೂ ಮರೆಯಿತು, ಮುಂದೇನು ಎಂಬುದೂ ಮರೆಯಿತು. ಮೊದಲ ಮಾತು ಅಣ್ಣನಿಗೆ ಮುಟ್ಟಲಿಲ್ಲವೇನೋ ಅನಿಸಿತು. ಚಪ್ಪಲಿ ಕೈಗೆತ್ತಿಕೊಂಡು, ಫೋಟೋದ ಕಿವಿಯ ಹತ್ತಿರ ಬಾಯಿ ಒಯ್ದು, ಕಿವುಡರಿಗೆ ಕೂಗುವ ಹಾಗೆ ಕೂಗಿದ.

"ಅಣ್ಣಾ! ನಾ ಬಂದೀನೋ! ಕೇಳಸ್ತದೇನು?"

ಮುಂದಿನ ಸಾಲಿನಲ್ಲಿ ಯಾರೋ ಹೋ ಎಂದು ಅತ್ತರು. ಅತ್ತವನು ಘಾಳೆಪ್ಪ. ಹೊಲದಿಂದ ದಿನಾ ಸಂಜೆ ಬಂದು ಬಾಗಿಲಲ್ಲೇ ನಿಂತು, ಸಿಟ್ಟಿನಿಂದ, ಬೇಸರದಿಂದ, ಹೀಗೆಯೇ ಅಪ್ಪನ ಕಿವಿಗೆ ಕೂಗುತ್ತಿದ್ದವನು. ಹದಿನೈದು ದಿನದಿಂದ ಕೂಗಿಸಿಕೊಳ್ಳುವವರು ಯಾರೂ ಇರಲಿಲ್ಲ. ಆರಡಿ ಆಳು ಮುಖ ಮುಚ್ಚಿಕೊಂಡು, "ಎಪ್ಪಾ, ಎಪ್ಪಾ" ಎನ್ನುತ್ತ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತ. ತಮ್ಮಂದಿರಿಬ್ಬರೂ ಅವನ ಮೇಲೆ ಬಿದ್ದು ಅತ್ತರು. ಅದನ್ನು ನೋಡಿ ಮಹಾರುದ್ರಪ್ಪನಿಗೆ ತಡೆಯಲಾಗಲಿಲ್ಲ. ಚಪ್ಪಲಿ ಹಿಡಿದುಕೊಂಡೇ ವೇದಿಕೆ ಇಳಿದು ಹೋಗಿ, ಘಾಳೆಪ್ಪನ ತಲೆ ಎದೆಗೆ ಒತ್ತಿಕೊಂಡು ತಾನೂ ಅತ್ತ. ಸುಮನಬಾಯಿ ಹಾಡು ಎತ್ತಿದಳು. ಸಭೆ ಇದೆಲ್ಲ ನಾಟಕದಲ್ಲೇ ಇದೆ ಎಂದು ತಿಳಿದು ಐದು ನಿಮಿಷ ಚಪ್ಪಾಳೆ ತಟ್ಟಿತು. ಬಸವಕಿರಣ ಮಾಸ್ತರನಿಗೆ ಮಾತ್ರ ಆ ದಿನ ಅಳು ಬರಲಿಲ್ಲ.

ನಾಟಕ ಮುಗಿದು ಬಣ್ಣ ಒರೆಸಿಕೊಳ್ಳುವಾಗ ಘಾಳೆಪ್ಪ ಒಳಗೆ ಬಂದ. ಒಂದು ಕೈಯಲ್ಲಿ ಬಾಟಲಿ, ಒಂದು ಕೈಯಲ್ಲಿ ಬಾಂಡ್ ಪೇಪರ್. ಹಿಂದೆ ವಕೀಲ.

"ಇನ್ನೂ ನಂಬಿಕಿ ಬರಲಿಲ್ಲೇನಪಾ?" ಎಂದು ಮಹಾರುದ್ರಪ್ಪ ಕೈಮುಗಿದ.

"ಬಂತ್ರಿ. ನೀವು ನಮ್ಮಪ್ಪನ ಮಗ ಅಲ್ಲ" ಅಂದ ಘಾಳೆಪ್ಪ. "ಮಗ ಇದ್ದಿದ್ರ ಆ ದಿನ ಅಳ್ತಿದ್ದಿಲ್ಲ. ನಾವು ಮೂರು ಮಂದಿ ಅಳಲಿಲ್ಲಲ್ಲ."

ವಜೀರ್ ವಕೀಲ ತಲೆಯಾಡಿಸಿದ. "ಈ ಪುರಾವೆ ನಡೀತದ."

ಘಾಳೆಪ್ಪ ಕಾಗದವನ್ನು ಮಗುಚಿ ಹಿಂದಿನ ಖಾಲಿ ಮಗ್ಗುಲು ಮೇಲೆ ಮಾಡಿದ. "ಇಲ್ಲಿ ಒಂದು ಸಹಿ ಮಾಡಿ ಕೊಡ್ರಿ. ಮನ್ಯಾಗ ಇಟ್ಕೋತೀನಿ." ಮಹಾರುದ್ರಪ್ಪ ಜೀವನದಲ್ಲಿ ಮೊದಲ ಸಲ, ಸ್ಟೀಲಲ್ಲದ ವಸ್ತುವಿನ ಮೇಲೆ, "ಕಲಾವಿದ ಮಹಾರುದ್ರಪ್ಪ" ಎಂದು ಬರೆದು, ಕಾಗದದ ಅಂಚು ಮುಗಿಯುವವರೆಗೂ ಬಾಲ ಎಳೆದ. ಅಷ್ಟು ಅಭ್ಯಾಸ ಮಾಡಿದ್ದರೂ ಕೈ ನಡುಗಿತು.

ಹುಮನಾಬಾದದ ಬಸ್ಸಿನಲ್ಲಿ ತುಳಜಾಬಾಯಿ ಕಿಟಕಿಯ ಕಡೆ ತಿರುಗಿ ಕೂತಳು. ಏಳೆಕರೆ ಹೋಯಿತೆಂದು ಸಿಟ್ಟಿರಬೇಕು ಅಂದುಕೊಂಡ ಮಹಾರುದ್ರಪ್ಪ. ಅರ್ಧ ದಾರಿಗೆ ಬಂದ ಮೇಲೆ ಆಕೆ ಹೊರಗೆ ನೋಡುತ್ತಲೇ, "ಅತ್ತೀ ಹೆಸರು ಉಳೀತು" ಅಂದಳು. ಅಂದವಳ ದನಿ ಒಡೆಯಿತು, ಕಣ್ಣು ತುಂಬಿ ಹರಿಯಿತು.

ಮಹಾರುದ್ರಪ್ಪ ಹಳೇ ಚಟದಂತೆ ಬಗ್ಗಿ ಮುಖಕ್ಕೆ ಮುಖ ತಂದ.

"ಹಂಗ ನೋಡಬ್ಯಾಡ್ರಿ" ಅಂದಳು ತುಳಜಾಬಾಯಿ, ಸೆರಗಿನಿಂದ ಮುಖ ಮುಚ್ಚಿಕೊಂಡು. "ಇದು ನಾಟಕಕ್ಕಲ್ಲ."